ಗಟ್ಟಿ ಕೈ, ಹಗುರ ಏಟು

ಕರಾಟೆ ಕ್ಲಾಸಿಗೆ ಸೇರಿದ ಹುಡುಗರು ಸ್ವಲ್ಪ ದಿನದಲ್ಲೇ ಕೇಳುವ ಪ್ರಶ್ನೆ ಒಂದಿದೆ. "ಅಣ್ಣಾ, ಕೈ ಗಟ್ಟಿ ಮಾಡೋದು ಹೇಗೆ?" ಕೇಳುತ್ತಲೇ ಬೆರಳ ಗೆಣ್ಣು ಮುಂದೆ ಚಾಚುತ್ತಾರೆ. ಇಟ್ಟಿಗೆ ಒಡೆಯುವ, ಹೆಂಚು ಒಡೆಯುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿರುತ್ತಾರೆ. ಕೆಲವರು ಮನೆಯ ಹಿಂದಿನ ಸಿಮೆಂಟ್ ಗೋಡೆಗೆ ಆಗಲೇ ನಾಲ್ಕು ಗುದ್ದು ಹಾಕಿ ಚರ್ಮ ಸುಲಿದುಕೊಂಡು ಬಂದಿರುತ್ತಾರೆ.

ಈ ಪ್ರಶ್ನೆಗೆ ನಾನು ಉತ್ತರ ಶುರು ಮಾಡೋದು ಇಬ್ಬರು ಎದುರುಬದುರು ನಿಂತು ಆಡುವ ಅಭ್ಯಾಸದ ಕಾಳಗದಿಂದ, ಅಂದರೆ ಸ್ಪಾರಿಂಗ್‌ನಿಂದ. ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ಆದರೆ ಹಲಗೆಗೆ ಹೊಡೆದು ಹೊಡೆದು ಗಟ್ಟಿ ಮಾಡಿದ ಕೈ ಕೊನೆಗೆ ಹೋಗಿ ಮುಟ್ಟೋದು ಯಾರನ್ನ? ಬೀದಿ ಜಗಳದಲ್ಲಿ ಎದುರಾಗುವ ಗೂಂಡಾನನ್ನಲ್ಲ, ಅಂಥ ದಿನ ಬಹಳ ಜನರ ಜೀವನದಲ್ಲಿ ಬರೋದೇ ಇಲ್ಲ. ಅದು ಮುಟ್ಟೋದು ವಾರ ವಾರ ನಮ್ಮ ಎದುರು ನಿಲ್ಲುವ ಗೆಳೆಯನ ಪಕ್ಕೆಲುಬನ್ನು. ಹಾಗಾಗಿ ಕೈ ಗಟ್ಟಿ ಮಾಡಬೇಕು ಅನ್ನುವವರು ಹಗುರವಾಗಿ ಹೊಡೆಯೋದನ್ನು ಜೊತೆಯಲ್ಲೇ ಕಲಿಯಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ನಮ್ಮ ಕಡೆ ಬಹಳ ಜನ ಇವೆರಡನ್ನೂ ಬೇರೆ ಬೇರೆ ಪಾಠ ಅಂದುಕೊಂಡಿದ್ದಾರೆ. ಒಂದು ಮನೆಯಲ್ಲಿ ಒಬ್ಬರೇ ಮಾಡೋದು, ಇನ್ನೊಂದು ಟೂರ್ನಮೆಂಟ್ ಹತ್ತಿರ ಬಂದಾಗ ಮಾಡೋದು. ಅದೇ ತೊಂದರೆ.

ಕೊಡಗು ಚಿಕ್ಕ ಜಿಲ್ಲೆ, ಆದರೆ ಬೇರೆ ಬೇರೆ ಶೈಲಿಯವರು ಒಂದೆಡೆ ಸೇರಲು ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ, ಕಳರಿಪಯಟ್ಟಿನ ನೆಲ. ಇತ್ತ ಕುಶಾಲನಗರ ದಾಟಿ ಹೋದರೆ ಮೈಸೂರು, ಗರಡಿ ಮನೆಗಳ ಊರು. ಸೇನೆಗೆ ಹೋಗಿ ಬಂದವರ ಮನೆ ಇಲ್ಲದ ಊರು ನಮ್ಮಲ್ಲಿ ಸಿಗೋದು ಕಷ್ಟ, ಅವರಲ್ಲಿ ಕೆಲವರು ರೆಜಿಮೆಂಟಿನಲ್ಲಿ ಬಾಕ್ಸಿಂಗ್ ಆಡಿದವರು. ಕರಾಟೆ ಕ್ಲಾಸು ಪೇಟೆ ಪೇಟೆಯಲ್ಲಿದೆ. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟ ನೋಡಿಕೊಳ್ಳಲು ವಾಪಸ್ ಬಂದ ಹುಡುಗರ ಜೊತೆ ಚೀನಾದ ವಿಂಗ್ ಚುನ್, ಥಾಯ್ಲೆಂಡಿನ ಮುಯೆ ಥಾಯ್ ಕೂಡ ಘಟ್ಟ ಹತ್ತಿ ಬಂದಿವೆ.

ಹೀಗೆ ಬೇರೆ ಬೇರೆ ಶೈಲಿಯಿಂದ ಬಂದ ನಾವು ಕೆಲವು ಗೆಳೆಯರು ಅಭ್ಯಾಸಕ್ಕೆ ಸೇರೋದು ಒಬ್ಬರ ಕಾಫಿ ಗೋದಾಮಿನಲ್ಲಿ. ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿಯೆಲ್ಲ ಚೀಲ ತುಂಬಿ ಲಾರಿ ಹತ್ತಿ ಹೋದ ಮೇಲೆ ಗೋದಾಮು ತಿಂಗಳುಗಟ್ಟಲೆ ಖಾಲಿ. ಜೂನ್ ಬಂದರೆ ಹೊರಗೆ ಎಲ್ಲೂ ಆಡೋಕಾಗಲ್ಲ. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು, ಗ್ಲೌಸಿಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಆದರೂ ಮಳೆಗಾಲವೇ ನಮ್ಮ ಅಭ್ಯಾಸದ ಕಾಲ.

ಮೊದಲು ಕೈ ಬಗ್ಗೆ ಹೇಳುತ್ತೇನೆ.

ಒಂದು ಕೈಯಲ್ಲಿ 27 ಮೂಳೆಗಳಿವೆ. ಅಂಗೈಯೊಳಗೆ ಉದ್ದುದ್ದ ಐದು ಮೂಳೆ, ಅವುಗಳ ತುದಿಯೇ ನಾವು ಮುಷ್ಟಿ ಕಟ್ಟಿದಾಗ ಕಾಣುವ ಗೆಣ್ಣು. ತೋರು ಬೆರಳು ಮತ್ತು ಮಧ್ಯದ ಬೆರಳಿನ ಮೂಳೆಗಳು ಮಣಿಕಟ್ಟಿನ ಕಡೆ ಭದ್ರವಾಗಿ ಕೂತಿವೆ, ಅಲುಗಾಡೋದೇ ಇಲ್ಲ ಅನ್ನಬಹುದು. ಉಂಗುರ ಬೆರಳು, ಕಿರುಬೆರಳಿನವು ಹಾಗಲ್ಲ. ನಿಮ್ಮ ಕೈಯನ್ನೇ ಹಿಡಿದು ನೋಡಿ, ಕಿರುಬೆರಳಿನ ಗೆಣ್ಣನ್ನು ಮೇಲೆ ಕೆಳಗೆ ಆಡಿಸಬಹುದು, ಮಧ್ಯದ ಬೆರಳಿನದ್ದನ್ನು ಆಗಲ್ಲ. ಸಿಟ್ಟಲ್ಲಿ ಗೋಡೆಗೋ ಇನ್ನೊಬ್ಬನ ತಲೆಗೋ ಗುದ್ದಿದವರ ಕೈಯಲ್ಲಿ ಮುರಿಯೋದು ಸಾಮಾನ್ಯವಾಗಿ ಈ ಕಿರುಬೆರಳಿನ ಮೂಳೆ, ಗೆಣ್ಣಿನ ಸ್ವಲ್ಪ ಹಿಂದೆ. ಡಾಕ್ಟರುಗಳು ಇದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ನಮ್ಮ ಬಾಕ್ಸರ್ ಅಣ್ಣನಿಗೆ ಈ ಹೆಸರು ಕೇಳಿದರೇ ಆಗಲ್ಲ. ಸರಿಯಾಗಿ ಕಲಿತ ಬಾಕ್ಸರ್‌ಗೆ ಹಾಗೆ ಮುರಿಯೋದು ಕಮ್ಮಿ, ಕಲಿಯದೇ ಗುದ್ದುವವರಿಗೇ ಜಾಸ್ತಿ ಅನ್ನೋದು ಅವರ ವಾದ. ಅದು ಸರಿಯೇ.

ಕರಾಟೆಯವರು ಮೊದಲ ಎರಡು ಗೆಣ್ಣಿನಲ್ಲೇ ಹೊಡಿ ಅಂತ ತಲೆ ತಿನ್ನೋದು ಇದಕ್ಕೇ. ಮಜಾ ಅಂದ್ರೆ ವಿಂಗ್ ಚುನ್‌ನಲ್ಲಿ ಹೇಳಿಕೊಡೋದು ಇದಕ್ಕೆ ಪೂರ್ತಿ ಉಲ್ಟಾ. ಮುಷ್ಟಿ ನೆಟ್ಟಗೆ, ಹೆಬ್ಬೆರಳು ಮೇಲೆ, ಏಟು ಕೆಳಗಿನ ಮೂರು ಗೆಣ್ಣಿನಲ್ಲಿ. ನಮ್ಮ ಗುಂಪಿನಲ್ಲಿ ಈ ಬಗ್ಗೆ ಮೊದಮೊದಲು ಸಿಕ್ಕಾಪಟ್ಟೆ ಚರ್ಚೆ ನಡೆಯುತ್ತಿತ್ತು. ಯಾರ ಮುಷ್ಟಿ ಸರಿ ಅಂತ. ಇಬ್ಬರನ್ನೂ ಒಂದೇ ಚೀಲದ ಎದುರು ನಿಲ್ಲಿಸಿ ನೋಡಿದಾಗ ವಿಷಯ ತಿಳಿಯಿತು. ಮೊಣಕೈ ಕೆಳಗಿಟ್ಟು, ದೇಹದ ಮಧ್ಯದಿಂದ ನೇರ ಹೊಡೆದರೆ ನೆಟ್ಟಗಿನ ಮುಷ್ಟಿಯಲ್ಲಿ ಮಣಿಕಟ್ಟು ಮತ್ತು ಕೆಳಗಿನ ಗೆಣ್ಣುಗಳು ತಾವಾಗಿಯೇ ಒಂದು ಗೆರೆಗೆ ಬರುತ್ತವೆ. ಸೊಂಟದಿಂದ ತಿರುಗಿಸಿ ಹೊಡೆದರೆ ಮೇಲಿನ ಎರಡು ಗೆಣ್ಣು ಗೆರೆಗೆ ಬರುತ್ತವೆ. ಎರಡರಲ್ಲೂ ಕಾಪಾಡಬೇಕಾದದ್ದು ಮಣಿಕಟ್ಟು. ಅದು ಮಡಚಿಕೊಂಡರೆ ಗೆಣ್ಣು ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನ ಇಲ್ಲ.

ಓಕಿನಾವಾ ದ್ವೀಪದವರು ಮಾಡಿಕೊಂಡ ಮಾಕಿವಾರ ಈ ಪಾಠಕ್ಕೆ ಬಹಳ ಒಳ್ಳೆಯ ಮೇಷ್ಟ್ರು. ನೆಲದಲ್ಲಿ ಹೂತ ಒಂದು ಹಲಗೆ. ಬುಡ ದಪ್ಪ, ತುದಿಗೆ ಹೋದಂತೆ ತೆಳ್ಳಗೆ. ಎದೆ ಎತ್ತರದಲ್ಲಿ ಭತ್ತದ ಹುಲ್ಲಿನ ಹಗ್ಗ ಸುತ್ತುತ್ತಾರೆ. ನಮ್ಮದು ತೋಟದ ಸಿಲ್ವರ್ ಓಕ್ ಹಲಗೆ, ಹುಲ್ಲಂತೂ ಗದ್ದೆಯದ್ದೇ. ಗೆದ್ದಲು ಮತ್ತು ಮಳೆ ಸೇರಿ ಬುಡ ತಿಂದು ಹಾಕುತ್ತವೆ, ಆಗ ಹೊಸದು ಹೂಳಬೇಕು. ಮಾಕಿವಾರದ ಜೀವ ಇರೋದು ಅದು ಬಗ್ಗುವುದರಲ್ಲಿ. ಹಣ್ಣು ಕೀಳಲು ಕಾಫಿ ಕೊಂಬೆ ಬಗ್ಗಿಸಿ ಹಿಡಿದಾಗ ಅದು ಕೈಯನ್ನು ವಾಪಸ್ ಎಳೆಯುತ್ತದಲ್ಲ, ಹಾಗೆ ಹಲಗೆ ನಮ್ಮ ಮುಷ್ಟಿಯನ್ನು ವಾಪಸ್ ತಳ್ಳುತ್ತದೆ. ಆ ತಳ್ಳುವಿಕೆಗೆ ಮಣಿಕಟ್ಟು ಬಾಗದೆ, ಭುಜ ಮೇಲೇಳದೆ, ಹಿಮ್ಮಡಿ ಜಾರದೆ ನಿಂತರೆ ಏಟು ಸರಿ ಇದೆ ಅಂತ ಅರ್ಥ. ಸಿಮೆಂಟ್ ಗೋಡೆ ಬಗ್ಗೋದಿಲ್ಲ. ಅದು ಏನೂ ಕಲಿಸೋದಿಲ್ಲ, ಏಟಿನ ಪೂರ್ತಿ ಭಾರವನ್ನು ಮೂಳೆಗೇ ಹಿಂದಿರುಗಿಸುತ್ತದೆ ಅಷ್ಟೆ.

ಮೂಳೆ ಗಟ್ಟಿಯಾಗೋದು ಸುಳ್ಳೇನಲ್ಲ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಅಂತ ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಆದರೆ ಅದಕ್ಕೆ ಸಮಯ ಬೇಕು. ಚರ್ಮ ವಾರಗಳಲ್ಲಿ ಜಡ್ಡುಗಟ್ಟುತ್ತದೆ. ಸ್ನಾಯುವನ್ನು ಮೂಳೆಗೆ ಹಿಡಿದಿಡುವ ನರದಂಥ ಬಳ್ಳಿಗಳು ಅದಕ್ಕಿಂತ ನಿಧಾನ. ಮೂಳೆ ಹಳೆಯದನ್ನು ಕಿತ್ತು ಹೊಸದನ್ನು ಕಟ್ಟೋದು ತಿಂಗಳುಗಳ ಕೆಲಸ, ಅದೂ ನಡುವೆ ವಿಶ್ರಾಂತಿ ಕೊಟ್ಟರೆ. ಅಪಾಯ ಇರೋದು ಇಲ್ಲೇ. ಚರ್ಮ ಬೇಗ ಗಟ್ಟಿಯಾಗಿ ನೋವು ಕಮ್ಮಿ ಆಗುತ್ತದೆ, ಹುಡುಗ ಕೈ ತಯಾರಾಯಿತು ಅಂದುಕೊಂಡು ಜೋರು ಮಾಡುತ್ತಾನೆ, ಒಳಗಿನ ಮೂಳೆ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಸಣ್ಣ ಸೀಳು ಬಿಡುವುದು ಆಗಲೇ. ಗೆಣ್ಣಿನ ಮೇಲೆ ದಪ್ಪ ಜಡ್ಡು ಇರುವವರನ್ನು ನೋಡಿ ನಾವು ಹೆದರುತ್ತೇವೆ ನಿಜ. ಆದರೆ ಜಡ್ಡು ಚರ್ಮದ ವಿಷಯ. ಅದರಿಂದ ಏಟಿನ ಬಗ್ಗೆ ಏನೂ ಗೊತ್ತಾಗಲ್ಲ.

ಬೆರಳು ಜೋಮು ಹಿಡಿದರೆ, ರಾತ್ರಿ ಕೈ ಜುಮ್ ಅಂದರೆ, ಬೆಳಿಗ್ಗೆ ಮುಷ್ಟಿ ಕಟ್ಟೋಕೆ ಆಗದಿದ್ದರೆ ನಿಲ್ಲಿಸಬೇಕು. ಇದರಲ್ಲಿ ಶೌರ್ಯದ ಪ್ರಶ್ನೆ ಇಲ್ಲ.

ಮಕ್ಕಳ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಂದ ಸಿಮೆಂಟ್ ನೆಲದ ಮೇಲೆ ಗೆಣ್ಣು ಊರಿಸಿ ಪುಶ್ ಅಪ್ ಮಾಡಿಸುವ, ಶಾಲೆ ಫಂಕ್ಷನ್‌ನಲ್ಲಿ ಹೆಂಚು ಒಡೆಸಿ ಚಪ್ಪಾಳೆ ಗಿಟ್ಟಿಸುವ ಕ್ಲಾಸುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೆತ್ತಗಿನ ಬೆಳವಣಿಗೆಯ ಪದರ ಇರುತ್ತದೆ, ಅದು ಮುಚ್ಚಿಕೊಳ್ಳೋದು ಹದಿಹರೆಯ ಮುಗಿಯುತ್ತಾ ಬಂದಾಗ. ಅಲ್ಲಿಗೆ ಪೆಟ್ಟು ಬಿದ್ದರೆ ಬೆರಳು ಸೊಟ್ಟ ಬೆಳೆಯಬಹುದು. ಅಪ್ಪ ಅಮ್ಮಂದಿರು ದಯವಿಟ್ಟು ಕೇಳಿ. ಮಕ್ಕಳಿಗೆ ಕಾಲಿನ ಹೆಜ್ಜೆ, ಬೀಳೋದು, ಎದ್ದೇಳೋದು, ಗಾಳಿಯಲ್ಲಿ ಹೊಡೆಯೋದು, ಮೆತ್ತನೆ ಪ್ಯಾಡಿಗೆ ಹೊಡೆಯೋದು ಸಾಕು. ಕೈ ಗಟ್ಟಿ ಮಾಡುವ ಕೆಲಸ ದೊಡ್ಡವರಾದ ಮೇಲೆ.

ಚೀನಾದ ಕಬ್ಬಿಣದ ಅಂಗೈ ಅಭ್ಯಾಸ ನನಗೆ ಇಷ್ಟವಾಗಲು ಕಾರಣ ಅದರ ತಾಳ್ಮೆ. ಮೊದಲು ಬಟ್ಟೆ ಚೀಲದಲ್ಲಿ ಹೆಸರುಕಾಳು ತುಂಬಿ, ಸ್ಟೂಲಿನ ಮೇಲಿಟ್ಟು, ಅಂಗೈಯನ್ನು ಅದರ ಭಾರಕ್ಕೇ ಬೀಳಲು ಬಿಡುತ್ತಾರೆ. ಜೋರಾಗಿ ಬಡಿಯೋದಿಲ್ಲ. ಬಹಳ ಕಾಲ ಅದಾದ ಮೇಲೆ ಸಣ್ಣ ಜಲ್ಲಿ, ಆಮೇಲೆ ಕಬ್ಬಿಣದ ಗುಂಡು. ಮೊದಲೂ ಕೊನೆಗೂ ಗಿಡಮೂಲಿಕೆ ಹಾಕಿ ನೆನೆಸಿದ ಡಿಟ್ ಡಾ ಜೌ ಅನ್ನುವ ಮದ್ದನ್ನು ಕೈಗೆ ತಿಕ್ಕುತ್ತಾರೆ. ಹೆಸರುಕಾಳು ನಮ್ಮ ಅಡುಗೆಮನೆಯಲ್ಲೇ ಇದೆ, ಅದಕ್ಕಿಂತ ಮುಂದಿನ ಹಂತಕ್ಕೆ ಹೋಗುವ ಅಗತ್ಯ ನಮ್ಮಲ್ಲಿ ಯಾರಿಗೂ ಕಂಡಿಲ್ಲ. ಗೋಡೆಗೆ ತೂಗು ಹಾಕಿರೋದು ಗೋಣಿ ಚೀಲ, ಒಳಗೆ ಕಾಫಿ ಹೊಟ್ಟು. ಹೊಟ್ಟು ಹದವಾಗಿ ತುಂಬಿದರೆ ಏಟನ್ನು ತಿಂದು ಸುಮ್ಮನಿರುತ್ತದೆ, ಜಾಸ್ತಿ ತುರುಕಿದರೆ ಕಲ್ಲಾಗುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಭಾರವಾಗುತ್ತದೆ, ಆಗಾಗ ಬಿಚ್ಚಿ ಒಣಗಿಸಬೇಕು.

ಕಳರಿಯವರದ್ದು ಬೇರೆಯೇ ದಾರಿ. ಅವರು ಏನಕ್ಕೂ ಕೈ ಬಡಿಯೋದಿಲ್ಲ. ಮೆಯ್‌ತಾರಿ ಅಂದರೆ ಮೈ ಹದ ಮಾಡುವ ಅಭ್ಯಾಸ ಮೊದಲು, ಆಮೇಲೆ ಕೋಲ್‌ತಾರಿಯಲ್ಲಿ ಕೋಲು, ಅಂಕತ್ತಾರಿಯಲ್ಲಿ ಕತ್ತಿ ಗುರಾಣಿ, ಎಲ್ಲ ಮುಗಿದ ಮೇಲೆ ವೆರುಂಕೈ, ಬರಿಗೈ. ಕರಾಟೆಯಲ್ಲಿ ಮೊದಲ ದಿನವೇ ಕೊಡುವ ಬರಿಗೈಯನ್ನು ಅವರು ಕೊನೆಗೆ ಇಟ್ಟುಕೊಂಡಿದ್ದಾರೆ. ಇದು ತಿಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನಮ್ಮ ಕಳರಿ ಗೆಳೆಯ ಹೇಳುವ ಪ್ರಕಾರ, ಬರಿಗೈಯಲ್ಲಿ ಮರ್ಮದ ಜಾಗ ಮುಟ್ಟೋದು ಬರುತ್ತದೆ, ಅಷ್ಟು ಹೊತ್ತಿಗೆ ಕಲಿಯುವವನ ಮೈ ಮಾತ್ರ ಅಲ್ಲ, ಮನಸ್ಸೂ ಹದವಾಗಿರಬೇಕು. ಅವರ ಮೈ ಗಟ್ಟಿತನ ಬರೋದು ಎಣ್ಣೆಯಿಂದ. ಕರ್ಕಾಟಕ ಮಾಸದಲ್ಲಿ, ಧೋ ಅಂತ ಮಳೆ ಸುರಿಯುವಾಗ, ಮೇಲೆ ಕಟ್ಟಿದ ಹಗ್ಗ ಹಿಡಿದು ಗುರುಗಳು ಕಾಲಿನಲ್ಲಿ ಮೈ ತಿಕ್ಕುವ ಉಳಿಚಿಲ್ ನಡೆಯುತ್ತದೆ. ಅದೇ ತಿಂಗಳು ನಮ್ಮಲ್ಲಿ ಕಕ್ಕಡ. ಆಗಸ್ಟ್ 3ರ ಆಸುಪಾಸು ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡಿ ತಿನ್ನುತ್ತೇವೆ, ಹದಿನೆಂಟು ಮದ್ದು ಆ ದಿನ ಸೊಪ್ಪಿನಲ್ಲಿ ಕೂಡಿರುತ್ತದೆ ಅಂತ ಹಿರಿಯರ ಮಾತು. ಘಟ್ಟದ ಎರಡೂ ಕಡೆಯ ಜನ ಮಳೆಗಾಲವನ್ನು ಮೈ ರಿಪೇರಿ ಮಾಡಿಕೊಳ್ಳುವ ಕಾಲ ಅಂತಲೇ ನೋಡಿದ್ದಾರೆ. ಕಳರಿ ಗೆಳೆಯನಿಂದಾಗಿ ನಾವೆಲ್ಲ ಈಗ ಅಭ್ಯಾಸ ಮುಗಿಸಿ ಬೆರಳು, ಮಣಿಕಟ್ಟು, ಮುಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತೇವೆ. ಬರಿ ಎಳ್ಳೆಣ್ಣೆ, ಸ್ವಲ್ಪ ಬೆಚ್ಚಗೆ ಮಾಡಿ. ಅದರಲ್ಲಿ ಯಾವ ಮಾಯೆಯೂ ಇಲ್ಲ. ತಿಕ್ಕುವಾಗ ಎಲ್ಲಿ ನೋವಿದೆ, ಎಲ್ಲಿ ಊದಿದೆ ಅಂತ ಬೆರಳಿಗೆ ಬೆರಳಾಗಿ ಗೊತ್ತಾಗುತ್ತದೆ, ಅದೇ ದೊಡ್ಡ ಲಾಭ.

ಹಿಡಿತದ ಬಗ್ಗೆ ಒಂದು ಮಾತು. ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡುವವರು, ಒಂಟಿ ಬಿದಿರಿನ ಏಣಿ ಹತ್ತಿ ಕಾಳುಮೆಣಸು ಕೊಯ್ಯುವವರು ಕೈ ಕುಲುಕಿದರೆ ಗೊತ್ತಾಗುತ್ತದೆ, ನಮ್ಮ ಯಾವ ಬ್ಲ್ಯಾಕ್ ಬೆಲ್ಟಿಗೂ ಆ ಹಿಡಿತ ಇಲ್ಲ. ಓಕಿನಾವಾದವರೂ ಇದನ್ನು ಬಿಟ್ಟಿಲ್ಲ. ಗೋಜು ರ್ಯು ಶೈಲಿ ಕಟ್ಟಿದ ಮಿಯಾಗಿ ಚೋಜುನ್ (1888–1953) ಅವರ ಶಿಷ್ಯರು ಮರಳು ತುಂಬಿದ ಮಣ್ಣಿನ ಜಾಡಿಯ ಬಾಯನ್ನು ಬೆರಳಿನಲ್ಲಿ ಕಚ್ಚಿ ಹಿಡಿದು ನಡೆಯುತ್ತಾರೆ, ಕೋಲಿನ ತುದಿಗೆ ಕಲ್ಲು ಸಿಕ್ಕಿಸಿದ ಚೀ ಇಶಿಯನ್ನು ಮಣಿಕಟ್ಟಿನಿಂದ ತಿರುಗಿಸುತ್ತಾರೆ. ನಾವು ಮಾಡಿಕೊಂಡ ಚೀ ಇಶಿಗೆ ಹಳೆ ಡಬ್ಬದಲ್ಲಿ ಸಿಮೆಂಟ್ ಹಾಕಿ, ಹಿಡಿಗೆ ಕಾಫಿ ಗಿಡದ ಕೋಲು ನೆಟ್ಟಿದ್ದೇವೆ. ಕಾಫಿ ಕೋಲು ಎಷ್ಟು ಗಟ್ಟಿ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಗೆಣ್ಣಿಗಿಂತ ಈ ಕೆಲಸಕ್ಕೆ ಜಾಸ್ತಿ ಸಮಯ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಸ್ಪಾರಿಂಗ್.

ಬೇರೆ ಶೈಲಿಯವರ ಎದುರು ಮೊದಲ ಸಲ ನಿಂತಾಗ ಎಲ್ಲರಿಗೂ ದಿಕ್ಕು ತಪ್ಪೋದು ದೂರದ ಅಂದಾಜಿನಲ್ಲಿ. ಬಾಕ್ಸರ್ ತಮ್ಮ ಕೈಗೆ ಎಟುಕುವಷ್ಟು ದೂರದಲ್ಲಿ ನಿಲ್ಲುತ್ತಾರೆ, ಅಲ್ಲಿ ಟೇಕ್ವಾಂಡೋದವರ ಕಾಲು ಆರಾಮಾಗಿ ತಲುಪುತ್ತದೆ. ಟೇಕ್ವಾಂಡೋದವರು ಕೈ ಕೆಳಗಿಟ್ಟಿರುತ್ತಾರೆ, ಅವರ ಪಂದ್ಯದಲ್ಲಿ ಮುಖಕ್ಕೆ ಗುದ್ದುವ ಹಾಗಿಲ್ಲವಲ್ಲ. ಬಾಕ್ಸರ್ ಒಂದು ಹೆಜ್ಜೆ ಒಳಗೆ ಬಂದರೆ ಅವರಿಗೆ ಏನು ಮಾಡಬೇಕು ಅಂತಲೇ ತೋಚದು. ಕ್ಯೊಕುಶಿನ್ ಕರಾಟೆಯವರು ಎದೆಗೆ ಎದೆ ಕೊಟ್ಟು ನಿಂತು ಪೂರ್ತಿ ಬಲದಲ್ಲಿ ಹೊಡೆಯುತ್ತಾರೆ, ತಿನ್ನುತ್ತಾರೆ, ಮೈ ಅಂತೂ ಕಲ್ಲು. ಆದರೆ ಬರಿಗೈಯಲ್ಲಿ ಮುಖಕ್ಕೆ ಗುದ್ದೋದು ಅವರ ನಿಯಮದಲ್ಲೂ ಇಲ್ಲ. ಪಾಯಿಂಟ್ ಕರಾಟೆ ಆಡಿದ ನನ್ನಂಥವರು ದೂರದಿಂದ ಹಾರಿ ಬಂದು ಒಂದೇಟು ಮುಟ್ಟಿಸಿ ನಿಲ್ಲುತ್ತೇವೆ, ರೆಫರಿ ನಿಲ್ಲಿಸುತ್ತಾರೆ ಅನ್ನುವ ಅಭ್ಯಾಸ. ಎದುರಿನವರು ನಿಲ್ಲಿಸದೆ ಎರಡನೆಯದು, ಮೂರನೆಯದು ಬಿಡುತ್ತಾರೆ. ವಿಂಗ್ ಚುನ್ ಹುಡುಗನಿಗೆ ಕೈಗೆ ಕೈ ಅಂಟಿದರೆ ಅವನನ್ನು ಹಿಡಿಯೋರಿಲ್ಲ, ಆದರೆ ಬಾಕ್ಸರ್ ಕೈ ಅಂಟಿಸಿಕೊಳ್ಳಲು ಬಿಡಬೇಕಲ್ಲ, ಹೊಡೆದ ಕೈ ಅಷ್ಟೇ ಬೇಗ ವಾಪಸ್. ಕಳರಿ ಗೆಳೆಯ ತೀರಾ ಕೆಳಗೆ ಕೂತು ಎಲ್ಲಿಂದಲೋ ಎದ್ದು ಬರುತ್ತಾನೆ.

ಪ್ರತಿ ಶೈಲಿಯ ಕೈಯೂ ಆ ಶೈಲಿಯ ನಿಯಮ ಮಾಡಿದ ಕೈ. ಇದು ನನಗೆ ಗೋದಾಮಿನಲ್ಲಿ ನಿಧಾನವಾಗಿ ಅರ್ಥವಾದ ವಿಷಯ. ಬಾಕ್ಸರ್ ತಲೆಗೆ ಧಾರಾಳವಾಗಿ ಹೊಡೆಯಬಲ್ಲರು, ಏಕೆಂದರೆ ಅವರ ಕೈಗೆ 4.5 ಮೀಟರ್ ಪಟ್ಟಿ ಸುತ್ತಿ ಮೇಲೆ ಗ್ಲೌಸ್ ಹಾಕಿದ್ದಾರೆ. 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ ಗ್ಲೌಸ್ ಬಾಕ್ಸಿಂಗಿನ ಭಾಗವಾಯಿತು. ಗ್ಲೌಸ್ ಮುಖ್ಯವಾಗಿ ಕಾಪಾಡೋದು ಹೊಡೆಯುವವನ ಕೈಯನ್ನು. ಬರಿಗೈಯಲ್ಲಿ ಹಣೆಗೆ ಅದೇ ಬಲದಲ್ಲಿ ಹೊಡೆದರೆ ಹಣೆಗಿಂತ ಮೊದಲು ಕೈ ಹೋಗುತ್ತದೆ. ನಮ್ಮ ಬಾಕ್ಸರ್ ಅಣ್ಣ ಗ್ಲೌಸ್ ಬಿಚ್ಚಿ ಮಾಕಿವಾರ ಮುಟ್ಟಿದ ದಿನ ಇದನ್ನು ತಾವೇ ಹೇಳಿದರು, "ಮಾರಾಯಾ, ಇಷ್ಟು ವರ್ಷ ನನ್ನ ಮಣಿಕಟ್ಟನ್ನ ಪಟ್ಟಿ ಹಿಡಿದಿತ್ತು, ನಾನಲ್ಲ." ಅವತ್ತಿನಿಂದ ಅವರು ಹಲಗೆ ಬಿಟ್ಟಿಲ್ಲ. ಅವರಿಂದ ನಾವು ಕಲಿತದ್ದು ಇದಕ್ಕಿಂತ ಜಾಸ್ತಿ. ತಲೆ ಆಡಿಸೋದು, ಏಟು ಬರುವಾಗ ಕಣ್ಣು ಮುಚ್ಚದಿರೋದು, ಗಲ್ಲ ಕೆಳಗೆ ಇಟ್ಟುಕೊಳ್ಳೋದು. ಇದ್ಯಾವುದೂ ಹಲಗೆಗೆ ಹೊಡೆದು ಬರೋದಿಲ್ಲ.

ಸ್ನೇಹದ ಸ್ಪಾರಿಂಗ್ ಅಂದರೆ ಪುಕ್ಕಲು ಆಟ ಅಂತ ಮೂಗು ಮುರಿಯುವವರಿಗೆ ನಾನು ಎರಡು ಉದಾಹರಣೆ ಕೊಡುತ್ತೇನೆ. ಎರಡೂ ನಮ್ಮ ನೆಲದವು.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ದಿನಗಳಲ್ಲಿ ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟದ ಜೊತೆ ಪರೆಯ ಕಳಿ ನಡೆಯುತ್ತದೆ. ಇಬ್ಬರು, ಬಲಗೈಯಲ್ಲಿ ಬೆತ್ತ, ಎಡಗೈಯಲ್ಲಿ ತಡೆಯಲು ಗುರಾಣಿ. ಹೊಡೆಯಬೇಕಾದದ್ದು ಮೊಣಕಾಲಿಗಿಂತ ಕೆಳಗೆ ಮಾತ್ರ. ಬೆತ್ತ ಬೀಸುವ ಸದ್ದು ಕೇಳಿದವರಿಗೆ ಗೊತ್ತು, ಅದು ಪುಕ್ಕಲರ ಆಟ ಅಲ್ಲ, ಕಾಲಿನ ಮೇಲೆ ಬಾಸುಂಡೆ ಏಳುತ್ತದೆ. ಆದರೆ ಏಟು ಜಾಸ್ತಿಯಾಗುವ ಮೊದಲು ಹಿರಿಯರು ನಡುವೆ ಬಂದು ಬಿಡಿಸುತ್ತಾರೆ, ಆಡಿದ ಇಬ್ಬರೂ ತಬ್ಬಿಕೊಂಡು ಹೋಗುತ್ತಾರೆ. ಕತ್ತಿ ಕೋವಿ ಹಿಡಿದು ಬದುಕಿದ ಜನ ಊರವರ ನಡುವಿನ ಆಟಕ್ಕೆ ಇಷ್ಟು ಸ್ಪಷ್ಟವಾದ ಗೆರೆ ಎಳೆದಿದ್ದಾರೆ. ನಾಳೆ ಗದ್ದೆ ಕೆಲಸಕ್ಕೆ ಇಬ್ಬರೂ ಬೇಕಲ್ಲ.

ಇನ್ನೊಂದು ಮೈಸೂರಿನ ವಜ್ರಮುಷ್ಟಿ ಕಾಳಗ. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳು ವಜ್ರಮುಷ್ಟಿ ಅನ್ನುವ ಮೊನೆಗಳಿರುವ ಆಯುಧವನ್ನು ಬೆರಳಿಗೆ ಸಿಕ್ಕಿಸಿಕೊಂಡು ಎದುರಾಗುತ್ತಾರೆ. ತಲೆ ಬೋಳಿಸಿರುತ್ತಾರೆ. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದ ಕ್ಷಣಕ್ಕೆ ಕಾಳಗ ಮುಗಿಯಿತು. ನೋಡಲು ಬಂದವರು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಇದಕ್ಕಿಂತ ಗಟ್ಟಿಯಾದ ಕೈ ಬೇರೆ ಯಾವುದೂ ಇರಲಾರದು, ಅದಕ್ಕೇ ಇದಕ್ಕಿಂತ ಬೇಗ ನಿಲ್ಲುವ ಕಾಳಗವೂ ಇರಲಾರದು ಅನಿಸುತ್ತದೆ. ಕೈಯಲ್ಲಿ ಕೊಲ್ಲುವ ಶಕ್ತಿ ಇದ್ದಾಗ ನಿಲ್ಲಿಸುವ ನಿಯಮ ಅಷ್ಟೇ ಬಿಗಿ.

ಜಪಾನಿನಲ್ಲಿ ಜೂಡೊ ಕಟ್ಟಿದ ಕಾನೊ ಜಿಗೊರೊ 1882ರಲ್ಲಿ ತಮ್ಮ ಶಾಲೆ ಕೊಡೊಕಾನ್ ಶುರು ಮಾಡಿದಾಗ ಮಾಡಿದ್ದೂ ಇಂಥದ್ದೇ. ಹಳೆಯ ಜುಜುತ್ಸುವಿನಲ್ಲಿದ್ದ ಗುದ್ದು, ಒದೆ, ಅಂಗ ಊನ ಮಾಡುವ ಪಟ್ಟುಗಳನ್ನು ರಂದೊರಿ ಅನ್ನುವ ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಅಪಾಯ ಕಮ್ಮಿಯಾದ್ದರಿಂದ ಶಿಷ್ಯರು ದಿನಾ ಪೂರ್ತಿ ಬಲ ಹಾಕಿ ಸೆಣಸಬಹುದಾಯಿತು. ಮಾರಕ ಪಟ್ಟು ಗೊತ್ತಿದ್ದೂ ಒಮ್ಮೆಯೂ ಪ್ರಯೋಗಿಸದವನಿಗಿಂತ, ಸಾಧಾರಣ ಪಟ್ಟನ್ನು ಸಾವಿರ ಸಲ ನಿಜವಾಗಿ ಹಾಕಿದವನ ಕೈ ಪಳಗಿರುತ್ತದೆ ಅಲ್ವಾ?

ನಮ್ಮ ಗೋದಾಮಿನಲ್ಲೂ ಆಟಕ್ಕೆ ಮೊದಲು ಇಬ್ಬರೂ ಮಾತಾಡಿಕೊಳ್ಳಲೇಬೇಕು. ಎಷ್ಟು ಜೋರು, ಎಲ್ಲೆಲ್ಲಿ, ಯಾವ ಗ್ಲೌಸ್, ನಿಲ್ಲಿಸು ಅನ್ನೋದಕ್ಕೆ ಏನು ಗುರುತು. ಉಂಗುರ, ಕಡಗ, ದಾರ ಎಲ್ಲ ಬಿಚ್ಚಿಡಬೇಕು, ಉಗುರು ಕತ್ತರಿಸಿರಬೇಕು. ಮೌತ್ ಗಾರ್ಡ್ ಇಲ್ಲದೆ ಯಾರೂ ಇಳಿಯುವ ಹಾಗಿಲ್ಲ. ಮುಖ ಸೇರಿಸಿದರೆ 16 ಔನ್ಸ್ ಗ್ಲೌಸ್, ಅದೂ ಮುಟ್ಟಿ ಹಿಂದೆಗೆಯುವಷ್ಟು ಮಾತ್ರ. ಮೈಗೆ ಸ್ವಲ್ಪ ಜಾಸ್ತಿ ನಡೆಯುತ್ತದೆ. ಜೋರು ಎಷ್ಟಿರಬೇಕು ಅಂತ ತೀರ್ಮಾನ ಮಾಡೋದು ಇಬ್ಬರಲ್ಲಿ ಕಮ್ಮಿ ಅನುಭವ ಇರುವವರು. ಈ ಒಂದು ನಿಯಮದ ಮೇಲೆ ನನಗೆ ತುಂಬಾ ಪ್ರೀತಿ. ಏಟಿನ ಜೋರು ಏರುತ್ತಾ ಹೋಗೋದು ಯಾರಿಗೂ ಗೊತ್ತಾಗದ ಹಾಗೆ ಆಗುತ್ತದೆ. ಒಂದು ಏಟು ಸ್ವಲ್ಪ ಜಾಸ್ತಿ ಬಿತ್ತು, ವಾಪಸ್ ಬಂದದ್ದು ಇನ್ನೂ ಸ್ವಲ್ಪ ಜಾಸ್ತಿ, ಎರಡು ನಿಮಿಷದಲ್ಲಿ ಇಬ್ಬರೂ ಹಲ್ಲು ಕಚ್ಚಿಕೊಂಡಿರುತ್ತಾರೆ. ಹಾಗಾಗಿ ಹೊರಗೆ ನಿಂತ ಒಬ್ಬರಿಗೆ ಆಟ ನಿಲ್ಲಿಸುವ ಹಕ್ಕು ಕೊಟ್ಟಿರುತ್ತೇವೆ, ಪರೆಯ ಕಳಿಯಲ್ಲಿ ಹಿರಿಯರಿಗೆ ಇರುವ ಹಾಗೆ. ಅವರು ನಿಲ್ಲಿಸಿ ಅಂದರೆ ಯಾಕೆ ಅಂತ ಕೇಳುವ ಹಾಗಿಲ್ಲ.

ತಲೆಯ ಪೆಟ್ಟನ್ನು ನಾವು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಹೆಡ್ ಗಾರ್ಡ್ ಹಾಕಿದರೆ ಮಿದುಳಿಗೆ ಏನೂ ಆಗಲ್ಲ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಅದು ಚರ್ಮ ಸೀಳೋದನ್ನು, ಕಿವಿ ಜಜ್ಜಿಹೋಗೋದನ್ನು ತಡೆಯುತ್ತದೆ. ತಲೆ ಗಕ್ಕನೆ ತಿರುಗಿದಾಗ ಒಳಗೆ ಮಿದುಳು ಅಲುಗೋದನ್ನು ಅದು ತಡೆಯಲಾರದು. ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ 2013ರಲ್ಲಿ ಹಿರಿಯ ಪುರುಷರ ಪಂದ್ಯಗಳಿಂದ ಹೆಡ್ ಗಾರ್ಡ್ ತೆಗೆದುಹಾಕಿತು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಅದಿಲ್ಲದೆಯೇ ಆಡಿದರು. ಆ ನಿರ್ಧಾರ ಸರಿಯೋ ತಪ್ಪೋ ಅನ್ನುವ ಜಗಳ ಬೇರೆ. ನಮ್ಮ ಮಟ್ಟಿಗೆ ಲೆಕ್ಕ ಸರಳ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಂತಿ, ಮಂಕು, ಬೆಳಕು ನೋಡಿದರೆ ನೋವು, ಇದರಲ್ಲಿ ಒಂದು ಕಂಡರೂ ಅವತ್ತು ಆಟ ಬಂದ್, ಡಾಕ್ಟರ್ ನೋಡಿ ಸರಿ ಅನ್ನುವವರೆಗೆ ಮತ್ತೆ ಇಳಿಯೋದಿಲ್ಲ. ಜುಲೈ ತಿಂಗಳಲ್ಲಿ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟ್ ಹೋಗಿ, ಮೊಬೈಲ್ ಸಿಗ್ನಲ್ ಸತ್ತಿರುವ ಊರಲ್ಲಿ ಕೂತು ಸಾಹಸ ಮಾಡುವ ಹಾಗಿಲ್ಲ. ಆಸ್ಪತ್ರೆ ಎಷ್ಟು ದೂರ, ದಾರಿ ತೆರೆದಿದೆಯಾ ಅಂತ ನೋಡಿಕೊಂಡೇ ಅವತ್ತಿನ ಜೋರು ನಿಗದಿಯಾಗುತ್ತದೆ.

ನಮ್ಮಲ್ಲಿ ಎಲ್ಲರಿಗಿಂತ ಹಗುರ ಕೈ ಟೇಕ್ವಾಂಡೋದಿಂದ ಬಂದ ಹುಡುಗಿಯದ್ದು. ಮೂಗಿನ ತುದಿಗೆ ಗ್ಲೌಸ್ ತಂದು, ಮುಟ್ಟಿದೆಯೋ ಇಲ್ಲವೋ ಅನ್ನುವಷ್ಟರಲ್ಲಿ ನಿಲ್ಲಿಸುತ್ತಾಳೆ. ಅದೇ ಮುಷ್ಟಿಯಲ್ಲಿ ಹೊಟ್ಟಿನ ಚೀಲಕ್ಕೆ ಹೊಡೆದರೆ ಚೀಲ ಗೋಡೆ ಬಿಟ್ಟು ಈಚೆ ಬರುತ್ತದೆ. ಅವಳ ಜೊತೆ ಆಡಿದ ಮೇಲೆ ಹೊಸಬರಿಗೆ ನಾನು ಹೆಚ್ಚು ವಿವರಿಸಬೇಕಾಗಿ ಬರಲ್ಲ. ಜೋರಾಗಿ ಹೊಡೆಯೋದು ಯಾರಿಗಾದರೂ ಬರುತ್ತದೆ. ಬೇಕಾದಲ್ಲಿ, ಬೇಕಾದಷ್ಟೇ ಮುಟ್ಟಿಸೋಕೆ ಮಣಿಕಟ್ಟು, ಭುಜ, ಹೆಜ್ಜೆ, ಉಸಿರು ಎಲ್ಲ ಹೇಳಿದ ಮಾತು ಕೇಳಬೇಕು. ಮಾಕಿವಾರದಲ್ಲಿ ಕಲಿತ ಗೆರೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಕೈ ಗಟ್ಟಿ ಇದ್ದವರಿಗೆ ತಾನು ನೋಯುತ್ತೇನೆ ಅನ್ನುವ ಭಯ ಇರಲ್ಲ, ಭಯ ಇಲ್ಲದ ಕೈ ಬಿಗಿಯಾಗಿರಲ್ಲ, ಬಿಗಿ ಇಲ್ಲದ ಕೈಯನ್ನು ನಡುದಾರಿಯಲ್ಲಿ ನಿಲ್ಲಿಸಬಹುದು. ಕೈ ಗಟ್ಟಿ ಮಾಡುವುದರ ನಿಜವಾದ ಉಪಯೋಗ ನನಗೆ ಕಂಡದ್ದು ಇಷ್ಟರಲ್ಲಿ.

ಸದ್ಯ ನಮ್ಮಲ್ಲಿ ಚರ್ಚೆ ನಡೆಯುತ್ತಿರೋದು ಅಂಗೈ ಏಟಿನ ಬಗ್ಗೆ. ಬರಿಗೈಯಲ್ಲಿ ತಲೆಗೆ ಹೊಡೆಯಲು ಅಂಗೈಯ ಬುಡವೇ ಸರಿ, ಗೆಣ್ಣಿನ ಮೂಳೆಗಳಿಗೆ ಅಪಾಯ ಇಲ್ಲ, ಹಾಗಾಗಿ ಸ್ಪಾರಿಂಗ್‌ನಲ್ಲೂ ಅದಕ್ಕೆ ಜಾಗ ಕೊಡೋಣ ಅಂತ ನಾನು, ಕಳರಿ ಗೆಳೆಯ ಒಂದು ಕಡೆ. ಬೆರಳು ತೆರೆದ ಕೈ ಮುಖದ ಹತ್ತಿರ ಬಂದರೆ ಕಣ್ಣಿಗೆ ಬೆರಳು ಹೋಗೋದು ಖಂಡಿತ ಅಂತ ಬಾಕ್ಸರ್ ಅಣ್ಣ ಇನ್ನೊಂದು ಕಡೆ, ಅವರ ಮಾತಲ್ಲೂ ಸತ್ಯ ಇದೆ. ಬೆರಳು ಮಡಚಿ, ಅಂಗೈ ಬುಡಕ್ಕೆ ಸ್ಪಂಜು ಕಟ್ಟಿ, ಕಣ್ಣಿಗೆ ಕನ್ನಡಕದ ಗಾರ್ಡ್ ಹಾಕಿ ನೋಡೋಣ ಅಂತ ವಿಂಗ್ ಚುನ್ ಹುಡುಗ ನಡುವಿನ ದಾರಿ ಹೇಳಿದ್ದಾನೆ. ಸ್ಪಂಜು ಪೇಟೆಯಿಂದ ಬಂದಿದೆ, ಇನ್ನೂ ಹೊಲಿದಾಗಿಲ್ಲ.